ಸಿಪ್ಯಾಪ್ ಹಾಕಿದ ಮೊದಲ ರಾತ್ರಿ ಅಪ್ಪನಿಗೆ ಕನಸಿನ ಮಳೆ. ಮಿದುಳು ಕನಸಿನ ಬಾಕಿ ಬರೆದಿಡುತ್ತಾ?

ಹೊಳೆಸಾಲು
ಭಾನುವಾರ, ಬೆಳಿಗ್ಗೆ 9:10

ಎಲ್ಲರಿಗೂ ನಮಸ್ಕಾರ. ಚಿಕಿತ್ಸೆಯ ಸಲಹೆ ಕೇಳಲು ಬಂದಿಲ್ಲ, ಅದಕ್ಕೆ ಡಾಕ್ಟರು ಇದ್ದಾರೆ. ಒಂದು ಕುತೂಹಲ ತಲೆ ತಿನ್ನುತ್ತಿದೆ, ಅಷ್ಟೇ.

ನಮ್ಮಪ್ಪನಿಗೆ 63. ಸಾಗರದ ಕಡೆ ಅಡಿಕೆ ತೋಟ. ಗೊರಕೆ ಎಂಥದ್ದು ಅಂದರೆ ಅಮ್ಮ ಹತ್ತು ವರ್ಷದಿಂದ ಬೇರೆ ಕೋಣೆಯಲ್ಲಿ ಮಲಗುತ್ತಾರೆ. ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ಇದ್ದಕ್ಕಿದ್ದ ಹಾಗೆ ಸದ್ದು ನಿಂತುಬಿಡುತ್ತಿತ್ತು. ರಜೆಗೆ ಊರಿಗೆ ಹೋದಾಗ ನಾನು ಕತ್ತಲಲ್ಲಿ ಮಲಗಿ ಎಣಿಸುತ್ತಿದ್ದೆ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು... ಆಮೇಲೆ ಒಂದು ದೊಡ್ಡ ಗುಟುರು, ಮತ್ತೆ ಗೊರಕೆ ಶುರು. ಕಳೆದ ತಿಂಗಳು ಅಂತೂ ಇಂತೂ ಒಪ್ಪಿಸಿ ನಿದ್ದೆ ಪರೀಕ್ಷೆ ಮಾಡಿಸಿದೆವು. ಸ್ಲೀಪ್ ಆಪ್ನಿಯಾ ಅಂದರು, ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ತೊಂದರೆ. ಮಾಸ್ಕಿನ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಮಷೀನ್ ಬಂತು.

ಮೊದಲ ರಾತ್ರಿ ಮಾಸ್ಕ್ ಹಾಕಿಕೊಂಡು ಮಲಗಿದವರು ಎದ್ದದ್ದು ಏಳೂವರೆಗೆ. ದಿನಾ ಐದಕ್ಕೆ ಏಳುವ ಮನುಷ್ಯ. ಜಗಲಿಯಲ್ಲಿ ಕೂತು ಕಾಫಿ ಆರುವ ತನಕ ಕನಸು ಹೇಳಿದರು. ಒಂದಲ್ಲ, ನಾಲ್ಕೋ ಐದೋ. ಅದರಲ್ಲಿ ಒಂದು: ಕೊಟ್ಟಿಗೆಗೆ ಹುಲ್ಲು ಹಾಕಲು ಹೋದರೆ ನಮ್ಮ ಗೌರಿ ದನ (ಅದು ಸತ್ತು ಇಪ್ಪತ್ತು ವರ್ಷ ಆಯ್ತು) ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿತ್ತಂತೆ. "ಕೂಲಿ ಎಷ್ಟು ಕೊಡ್ತೀರಿ?" ಅಂತ ಬೇರೆ ಕೇಳಿತಂತೆ.

ಅಪ್ಪ ಕನಸು ಹೇಳಿದ್ದನ್ನು ನಾನು ಈವರೆಗೆ ಕೇಳಿರಲಿಲ್ಲ. "ನಂಗೆ ಕನಸೇ ಬೀಳಲ್ಲ" ಅನ್ನುತ್ತಿದ್ದವರು. ಇಷ್ಟು ಕನಸು ಇಷ್ಟು ದಿನ ಎಲ್ಲಿತ್ತು? ಮಿದುಳು ಏನಾದರೂ ಉದ್ರಿ ಲೆಕ್ಕ ಇಟ್ಟಿರುತ್ತಾ?


ನಿದ್ದೆಗಣ್ಣು
ಭಾನುವಾರ, ಬೆಳಿಗ್ಗೆ 10:25

ಗೌರಿಗೆ ಕೂಲಿ ಕೊಟ್ಟರಾ ಇಲ್ಲವಾ ಅಂತ ಮೊದಲು ಹೇಳಿ :)

ನಾನು ಕೆಲವು ವರ್ಷ ನಿದ್ದೆಯ ಲ್ಯಾಬಿನಲ್ಲಿ ಇಲಿಗಳ ಜೊತೆ ರಾತ್ರಿ ಕಳೆದವನು. ನಿಮ್ಮ ಪ್ರಶ್ನೆಗೆ ಚಿಕ್ಕ ಉತ್ತರ: ಹೌದು, ಲೆಕ್ಕ ಇಡುತ್ತದೆ. ಅದೂ ಬೇರೆಯದೇ ಖಾತೆಯಲ್ಲಿ. ಉದ್ದ ಉತ್ತರ ಸ್ವಲ್ಪ ಗೋಜಲು.

ನಿದ್ದೆಯಲ್ಲಿ ಎರಡು ಬಗೆ. ಒಂದು ಸಾಮಾನ್ಯ ನಿದ್ದೆ, ಅದರ ಆಳದಲ್ಲಿ ಗಾಢ ನಿದ್ದೆ. ಇನ್ನೊಂದು ರೆಮ್ ನಿದ್ದೆ. ರೆಮ್‌ನಲ್ಲಿ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಸರಸರ ಓಡಾಡುತ್ತದೆ, ಮಿದುಳು ಎಚ್ಚರದಷ್ಟೇ ಚುರುಕಾಗಿರುತ್ತದೆ, ಮೈ ಮಾತ್ರ ಸಡಿಲ ಬಿದ್ದಿರುತ್ತದೆ. ಇದನ್ನು 1953ರಲ್ಲಿ ಷಿಕಾಗೋದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ಇಬ್ಬರು ಪ್ರಕಟಿಸಿದರು. ಕಣ್ಣು ಓಡಾಡುವಾಗ 27 ಸಲ ಜನರನ್ನು ಎಬ್ಬಿಸಿ ಕೇಳಿದರೆ 20 ಸಲ ಕನಸು ಸಿಕ್ಕಿತು.

ಅದೇ ಲ್ಯಾಬಿನಲ್ಲಿ ಕಲಿತ ವಿಲಿಯಂ ಡಿಮೆಂಟ್ 1960ರಲ್ಲಿ ಒಂದು ಕೀಟಲೆ ಪ್ರಯೋಗ ಮಾಡಿದ. ಎಂಟು ಜನರನ್ನು ಮಲಗಿಸಿ, ರೆಮ್ ಶುರುವಾದ ಕೂಡಲೇ ಎಬ್ಬಿಸುವುದು. ಉಳಿದ ನಿದ್ದೆಗೆ ಅಡ್ಡಿ ಇಲ್ಲ. ಏನಾಯ್ತು ಗೊತ್ತಾ? ರಾತ್ರಿಯಿಂದ ರಾತ್ರಿಗೆ ಎಬ್ಬಿಸಬೇಕಾದ ಸಲ ಜಾಸ್ತಿ ಆಗುತ್ತಾ ಹೋಯ್ತು. ತಳ್ಳಿದಷ್ಟೂ ರೆಮ್ ಬಾಗಿಲು ಬಡಿಯುತ್ತಿತ್ತು. ಆಮೇಲೆ ಸುಮ್ಮನೆ ಮಲಗಲು ಬಿಟ್ಟರೆ, ಮೊದಲು ನಿದ್ದೆಯ ಐದನೇ ಒಂದು ಪಾಲು ಇದ್ದ ರೆಮ್ ಕಾಲು ಪಾಲು ದಾಟಿತು. ಇದಕ್ಕೆ ರಿಬೌಂಡ್ ಅನ್ನುತ್ತಾರೆ. ಒತ್ತಿದ ಸ್ಪ್ರಿಂಗ್ ಮೇಲೆದ್ದ ಹಾಗೆ. ನಿಮ್ಮ ತಂದೆಗೆ ಆದದ್ದೂ ಇದೇ ಅಂತ ನನ್ನ ಊಹೆ. ಸಿಪ್ಯಾಪ್ ಹಾಕಿದ ಮೊದಮೊದಲ ರಾತ್ರಿಗಳಲ್ಲಿ ಇದು ತುಂಬಾ ಮಾಮೂಲು.


ಗಡಿಯಾರ ರಿಪೇರಿ
ಭಾನುವಾರ, ಬೆಳಿಗ್ಗೆ 11:02

ಒಂದು ತಕರಾರು. ಎಂಟು ಜನರನ್ನು ರಾತ್ರಿಯಿಡೀ ಎಬ್ಬಿಸಿದರೆ ಯಾರಿಗಾದರೂ ತಲೆ ಕೆಡುತ್ತದೆ. ನಿದ್ದೆಗೆಟ್ಟು ಮೈಗೆ ಒತ್ತಡ ಆಗಿ ಹೀಗಾಗಿರಬಾರದಾ? ರೆಮ್‌ಗೇ ಬೇರೆ ಖಾತೆ ಇದೆ ಅನ್ನಲು ಇದು ಸಾಕಾ?


ನಿದ್ದೆಗಣ್ಣು
ಭಾನುವಾರ, ಬೆಳಿಗ್ಗೆ 11:40

ಸರಿಯಾದ ತಕರಾರು ಸರ್. ಡಿಮೆಂಟ್‌ಗೂ ಅದು ಹೊಳೆದಿತ್ತು. ಅವರಲ್ಲೇ ಕೆಲವರನ್ನು ಇನ್ನೊಮ್ಮೆ ಕರೆದು ಅಷ್ಟೇ ಸಲ ಎಬ್ಬಿಸಿದ, ಆದರೆ ರೆಮ್ ಅಲ್ಲದ ಹೊತ್ತಿನಲ್ಲಿ. ಆಗ ರೆಮ್ ಉಕ್ಕಲಿಲ್ಲ.

ಪ್ರಾಣಿಗಳ ವಿಷಯದಲ್ಲಿ ಮಾತ್ರ ನಿಮ್ಮ ತಕರಾರು ಇವತ್ತಿಗೂ ಜೀವಂತ. ಫ್ರಾನ್ಸಿನ ಲಿಯೋಂ ಊರಿನಲ್ಲಿ ಮಿಶೆಲ್ ಜುವೆ ಅಂತ ಒಬ್ಬರಿದ್ದರು, 2017ರಲ್ಲಿ ತೀರಿಕೊಂಡರು. ರೆಮ್ ಹೊತ್ತಿನಲ್ಲಿ ಬೆಕ್ಕಿನ ಕತ್ತಿನ ಸ್ನಾಯು ಪೂರ್ತಿ ಸಡಿಲವಾಗುತ್ತದೆ ಅಂತ ತೋರಿಸಿದವರು. ಅದನ್ನೇ ಬಳಸಿಕೊಂಡು ಅವರ ಲ್ಯಾಬಿನಲ್ಲಿ ಒಂದು ಉಪಾಯ ಹೂಡಿದರು. ನೀರು ತುಂಬಿದ ತೊಟ್ಟಿ, ನಡುವೆ ಬೋರಲು ಹಾಕಿದ ಹೂಕುಂಡ, ಅದರ ಮೇಲೆ ಬೆಕ್ಕು. ಸಾಮಾನ್ಯ ನಿದ್ದೆಯನ್ನು ಬೆಕ್ಕು ಕೂತೇ ಮಾಡುತ್ತದೆ. ರೆಮ್ ಬಂತೋ, ಕತ್ತು ಬಿತ್ತು, ಮೂತಿಗೆ ನೀರು ತಾಗಿತು, ಎಚ್ಚರ. ಮತ್ತೆ ತೂಕಡಿಕೆ, ಮತ್ತೆ ನೀರು. ಹೀಗೆ ರೆಮ್ ಒಂದನ್ನೇ ಕತ್ತರಿಸಿ ತೆಗೆಯಬಹುದು. ಆದರೆ ದಿನಗಟ್ಟಲೆ ನೀರಿನ ನಡುವೆ ಕೂತ ಪ್ರಾಣಿಗೆ ಬೇರೆ ಸಂಕಟವೂ ಇರುತ್ತದೆ. ಹಾಗಾಗಿ ಹೂಕುಂಡದ ಫಲಿತಾಂಶಗಳನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು.


ಹೊಳೆಸಾಲು
ಭಾನುವಾರ, ಮಧ್ಯಾಹ್ನ 12:15

ಒಂದು ನಿಮಿಷ. ಕತ್ತು ಸಡಿಲ, ನೀರು ತಾಗುತ್ತೆ, ಎಚ್ಚರ.

ಅಪ್ಪನ ಗಂಟಲೂ ಸ್ನಾಯುವೇ ಅಲ್ವಾ? ರೆಮ್ ಬಂದ ಕೂಡಲೇ ಅದೂ ಸಡಿಲವಾಗಿ ಉಸಿರಿನ ದಾರಿ ಮುಚ್ಚಿ, ಉಸಿರುಗಟ್ಟಿ ಎಚ್ಚರ ಆಗುತ್ತಿತ್ತೇನೋ. ನಾನು ಕತ್ತಲಲ್ಲಿ ಇಪ್ಪತ್ತರವರೆಗೆ ಎಣಿಸುತ್ತಿದ್ದೆನಲ್ಲ, ಅದು ಹೂಕುಂಡದ ಮೇಲಿನ ಬೆಕ್ಕು. ಹತ್ತು ವರ್ಷ.


ನಿದ್ದೆಗಣ್ಣು
ಭಾನುವಾರ, ಮಧ್ಯಾಹ್ನ 12:31

ನಾನು ಹೇಳಬೇಕು ಅಂತಿದ್ದೆ, ನೀವೇ ಹೇಳಿಬಿಟ್ಟಿರಿ. ಹೌದು, ಬಹಳ ಜನರಲ್ಲಿ ಆಪ್ನಿಯಾ ರೆಮ್ ಹೊತ್ತಿನಲ್ಲೇ ಹೆಚ್ಚು ಕೆಡುವುದು.

ಎಬ್ಬಿಸಿದ್ದು ಅವರಿಗೆ ಬೆಳಿಗ್ಗೆ ನೆನಪೂ ಇರುವುದಿಲ್ಲ. ಕೆಲವೇ ಸೆಕೆಂಡಿನ ಎಚ್ಚರ. "ರಾತ್ರಿಯೆಲ್ಲ ನಿದ್ದೆ ಮಾಡಿದೆ" ಅಂತಲೇ ಅನ್ನುತ್ತಾರೆ.


ಕಮಲಕ್ಕ
ಭಾನುವಾರ, ಸಂಜೆ 4:50

ನಮ್ಮಜ್ಜಿ ಬೆಳಗಿನ ಜಾವದ ಕನಸು ನಿಜ ಆಗುತ್ತೆ ಅನ್ನುತ್ತಿದ್ದರು. ಕೆಟ್ಟ ಕನಸು ಬಿದ್ದರೆ ಎದ್ದವರೇ ಯಾರಿಗೂ ಹೇಳದೆ ತುಳಸಿಕಟ್ಟೆಗೆ ಸುತ್ತು ಹಾಕುತ್ತಿದ್ದರು. ಅದಕ್ಕೇನಾದರೂ ಅರ್ಥ ಇದೆಯಾ, ಇಲ್ಲ ಸುಮ್ನೆ ಹೇಳೋದಾ?


ರಾತ್ರಿಪಾಳಿ
ಭಾನುವಾರ, ಸಂಜೆ 6:05

ನಾನು ನರ್ಸ್, ಹನ್ನೆರಡು ವರ್ಷದಿಂದ ಪಾಳಿ ಕೆಲಸ. ಕಮಲಕ್ಕನ ಪ್ರಶ್ನೆಗೆ ನನ್ನ ಅನುಭವ ಸೇರಿಸುತ್ತೇನೆ. ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಎಂಟೂವರೆಗೆ ಮಲಗಿದರೆ, ಕಣ್ಣು ಮುಚ್ಚಿದ ಸ್ವಲ್ಪ ಹೊತ್ತಿಗೇ ಕನಸು. ಅದೇ ಮಧ್ಯಾಹ್ನ ಮೂರಕ್ಕೆ ಮಲಗಿದರೆ ಕಲ್ಲು ಬಿದ್ದ ಹಾಗೆ ನಿದ್ದೆ, ಕನಸು ಗಿನಸು ಏನೂ ಇಲ್ಲ. ನಮ್ಮ ವಾರ್ಡಿನಲ್ಲಿ ಎಲ್ಲರೂ ಇದನ್ನೇ ಹೇಳುತ್ತಾರೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ.


ನಿದ್ದೆಗಣ್ಣು
ಭಾನುವಾರ, ರಾತ್ರಿ 8:20

ಮೇಡಂ, ನಿಮ್ಮ ವಾರ್ಡ್ ಪುಸ್ತಕದಲ್ಲಿ ಇರುವುದನ್ನೇ ಕಂಡುಹಿಡಿದಿದೆ.

ಗಾಢ ನಿದ್ದೆಯ ಲೆಕ್ಕ ಸುಲಭ. ಎಚ್ಚರ ಇದ್ದಷ್ಟೂ ಅದರ ಒತ್ತಡ ಏರುತ್ತದೆ, ಮಲಗಿದ ಮೇಲೆ ಇಳಿಯುತ್ತದೆ. ಸ್ವಿಟ್ಜರ್‌ಲ್ಯಾಂಡಿನ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಇದಕ್ಕೊಂದು ಮಾದರಿ ಕೊಟ್ಟರು. ನಿದ್ದೆಯ ಹಸಿವು ಒಂದು ಕಡೆ, ದೇಹದ ಗಡಿಯಾರ ಇನ್ನೊಂದು ಕಡೆ. ಗಾಢ ನಿದ್ದೆಗೆ ಹಸಿವು ಮುಖ್ಯ. ರೆಮ್ ಮೇಲೆ ಗಡಿಯಾರದ ಹಿಡಿತ ಜಾಸ್ತಿ. ನಮ್ಮ ಮೈ ಬಿಸಿ ಬೆಳಗಿನ ಜಾವ ನಾಲ್ಕೈದರ ಸುಮಾರಿಗೆ ದಿನದಲ್ಲೇ ಅತಿ ಕೆಳಗೆ ಇಳಿದಿರುತ್ತದೆ. ಅಲ್ಲಿಂದ ಮೇಲೇರತೊಡಗುವ ಹೊತ್ತಿಗೆ ರೆಮ್‌ಗೆ ಬಾಗಿಲು ಅಗಲ ತೆರೆದಿರುತ್ತದೆ. ಎಂಟೂವರೆಗೂ ಆ ಬಾಗಿಲು ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ. ಮಧ್ಯಾಹ್ನಕ್ಕೆ ಮುಚ್ಚುತ್ತಾ ಬಂದಿರುತ್ತದೆ. ಆಗ ಮಲಗಿದರೆ ಗಾಢ ನಿದ್ದೆಯದ್ದೇ ಮೇಲುಗೈ.

ಕಮಲಕ್ಕ, ಅಜ್ಜಿಯ ಕನಸು ನಿಜ ಆಗುವುದನ್ನು ನಾನು ಹೇಳಲಾರೆ. ಆದರೆ ಜಾವದ ಕನಸಿಗೆ ತೂಕ ಬಂದದ್ದು ಯಾಕೆ ಅಂತ ಊಹಿಸಬಹುದು. ರಾತ್ರಿಯಲ್ಲಿ ಸುಮಾರು 90 ನಿಮಿಷಕ್ಕೊಂದು ಸುತ್ತು. ಮೊದಲ ಸುತ್ತಿನಲ್ಲಿ ರೆಮ್ ಐದು ಹತ್ತು ನಿಮಿಷ ಅಷ್ಟೇ, ಕೊನೆಯ ಸುತ್ತಿನಲ್ಲಿ ಅರ್ಧ ಗಂಟೆ ದಾಟಬಹುದು. ಕೋಳಿ ಕೂಗಿ ಎಚ್ಚರ ಆದದ್ದು ಆ ಉದ್ದನೆಯ ರೆಮ್ ಮಧ್ಯದಲ್ಲೇ ಆದರೆ ಕನಸು ಹಸಿಹಸಿಯಾಗಿ ಕೈಗೆ ಸಿಗುತ್ತದೆ. ನಡುರಾತ್ರಿಯ ಕನಸು ಹಾಗೇ ಕರಗಿಹೋಗಿರುತ್ತದೆ. ನೆನಪಿದ್ದ ಕನಸನ್ನು ಮಾತ್ರ ತಾನೇ "ನಿಜ ಆಯ್ತು" ಅನ್ನಲು ಸಾಧ್ಯ?

ಅಂದಹಾಗೆ ನಾಲ್ಕೂವರೆಗೆ ಅಲಾರಂ ಇಟ್ಟು ಏಳುವವರು ಕಳೆದುಕೊಳ್ಳುವುದು ಹೆಚ್ಚಾಗಿ ರೆಮ್ ಅನ್ನೇ. ಸಿಇಟಿಗೆ ಓದುವ ಮಕ್ಕಳಿಗೆ ಹೇಳಿ.


ಗಡಿಯಾರ ರಿಪೇರಿ
ಭಾನುವಾರ, ರಾತ್ರಿ 9:15

ಗಡಿಯಾರ ಒಪ್ಪಿದೆ, ನನ್ನ ಹೊಟ್ಟೆಪಾಡೇ ಅದು. ಆದರೆ ಲೆಕ್ಕ ಇಡುವವನು ಯಾರು? ಮಿದುಳಿನಲ್ಲಿ ಯಾವ ಗುಮಾಸ್ತ ಕೂತು ಬರೆದುಕೊಳ್ಳುತ್ತಾನೆ? ಮತ್ತೆ ಏನನ್ನು ಎಣಿಸುತ್ತಾನೆ? ಎಚ್ಚರ ಇದ್ದ ಗಂಟೆಯನ್ನೋ, ಮಲಗಿದ ಗಂಟೆಯನ್ನೋ?


ನಿದ್ದೆಗಣ್ಣು
ಭಾನುವಾರ, ರಾತ್ರಿ 10:40

ಈ ಪ್ರಶ್ನೆಗೆ ಒಂದು ಜಾಗ ತೋರಿಸಿ "ಇಗೋ ಇಲ್ಲಿ" ಅನ್ನಲು ಆಗುವುದಿಲ್ಲ. ಉದ್ದ ಬರೆಯುತ್ತೇನೆ, ಬೇಜಾರಾದರೆ ದಾಟಿಕೊಂಡು ಹೋಗಿ.

ಮೊದಲು ಸ್ವಿಚ್ಚು. ಮಿದುಳಿನ ಬುಡದಲ್ಲಿ, ಬೆನ್ನುಹುರಿಗೆ ಸೇರುವ ದಂಟಿನಲ್ಲಿ, ಪಾನ್ಸ್ ಅಂತ ಒಂದು ಉಬ್ಬು ಇದೆ. ಜುವೆ ಬೆಕ್ಕಿನ ಮೇಲ್ಮಿದುಳನ್ನು ಕಳಚಿದ ಮೇಲೂ ಪಾನ್ಸ್ ಇದ್ದರೆ ಸಾಕು, ರೆಮ್ ಬಂದುಹೋಗುವುದನ್ನು ಕಂಡರು. ಅಲ್ಲಿ ರೆಮ್ ಹೊತ್ತಿಸುವ ನರಕೋಶಗಳಿವೆ. ಅವುಗಳಿಗೆ ಎದುರಾಗಿ ರೆಮ್ ತಡೆಯುವ ಕೋಶಗಳಿವೆ. ಇವರು ಅವರನ್ನು ಅದುಮುತ್ತಾರೆ, ಅವರು ಇವರನ್ನು ಅದುಮುತ್ತಾರೆ. ಮಕ್ಕಳ ಪಾರ್ಕಿನ ಸೀಸಾ ಇದ್ದ ಹಾಗೆ, ಒಂದು ತುದಿ ಮೇಲಿದ್ದರೆ ಇನ್ನೊಂದು ಕೆಳಗೆ, ನಡುವೆ ನಿಲ್ಲುವುದಿಲ್ಲ. ಹಾರ್ವರ್ಡಿನ ಕ್ಲಿಫರ್ಡ್ ಸೇಪರ್ ಮತ್ತು ಜುನ್ ಲು ತಂಡ 2006ರಲ್ಲಿ ಇದನ್ನು ಬಿಡಿಸಿ ತೋರಿಸಿತು.

ತಡೆಯುವ ಬದಿಯಲ್ಲಿ ಲೋಕಸ್ ಸೆರೂಲಿಯಸ್ ಅನ್ನುವ ಕೋಶಗಳ ಪುಟ್ಟ ಗುಂಪೊಂದಿದೆ. ನಾರ್‌ಅಡ್ರಿನಲಿನ್ ಅನ್ನುವ ರಾಸಾಯನಿಕ ಸುರಿಸುತ್ತಾ ನಮ್ಮನ್ನು ಎಚ್ಚರ ಇಡುವ ಕೆಲಸ ಅದರದ್ದು. ದಿನವಿಡೀ ದುಡಿದು, ಗಾಢ ನಿದ್ದೆಯಲ್ಲೂ ಅಷ್ಟಿಷ್ಟು ಮಿಡಿಯುತ್ತಿರುತ್ತದೆ. ಪೂರ್ತಿ ಬಾಯಿ ಮುಚ್ಚುವುದು ರೆಮ್‌ನಲ್ಲಿ ಮಾತ್ರ. ದೆಹಲಿಯ ಜೆಎನ್‌ಯುನಲ್ಲಿ ಬೀರೇಂದ್ರನಾಥ್ ಮಲ್ಲಿಕ್ ಅವರ ತಂಡ ಇದರ ಬೆನ್ನು ಹತ್ತಿ ದಶಕಗಟ್ಟಲೆ ಕೆಲಸ ಮಾಡಿದೆ. ಇಲಿಗೆ ರೆಮ್ ತಪ್ಪಿಸಿದರೆ ಈ ಕೋಶಗಳಿಗೆ ಬಿಡುವೇ ಸಿಗದೆ ಮಿದುಳಿನಲ್ಲಿ ನಾರ್‌ಅಡ್ರಿನಲಿನ್ ಏರುತ್ತದೆ, ಅದರ ಬೆನ್ನಿಗೆ ನರಕೋಶದ ಗೋಡೆಯಲ್ಲಿ ಸೋಡಿಯಂ ಪೊಟ್ಯಾಸಿಯಂ ತಳ್ಳುವ ಪಂಪಿನ ಓಟವೂ ಏರುತ್ತದೆ ಅಂತ ತೋರಿಸಿದರು. ನನಗೆ ಇಷ್ಟವಾದ ಕೆಲಸ ಇದು. ನಮ್ಮವರದ್ದು ಅಂತಲ್ಲ, "ರೆಮ್ ಯಾಕೆ ಬೇಕು" ಅನ್ನುವುದಕ್ಕೆ ಕೈಯಲ್ಲಿ ಹಿಡಿಯಬಹುದಾದ ಉತ್ತರ ಹುಡುಕಿದ್ದಕ್ಕೆ.

ಇನ್ನು ಗುಮಾಸ್ತ. ಸ್ವಿಚ್ಚು ಪಾನ್ಸ್‌ನಲ್ಲಿದ್ದರೂ ಲೆಕ್ಕ ಮೇಲಿನಿಂದ ಬರುವ ಹಾಗೆ ಕಾಣುತ್ತದೆ, ಹೈಪೋಥಲಾಮಸ್‌ನಿಂದ. ಹಸಿವು, ಬಾಯಾರಿಕೆ, ಮೈ ಬಿಸಿ ಎಲ್ಲದರ ಲೆಕ್ಕವೂ ಅಲ್ಲೇ ತಾನೇ. ಅದರ ಮುಂಭಾಗದಲ್ಲಿ ಪ್ರಿಯಾಪ್ಟಿಕ್ ಅನ್ನುವ ಜಾಗದ ಒಂದು ಬಗೆಯ ಕೋಶಗಳನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಇಲಿಮರಿಯಂಥ ಪುಟ್ಟ ಇಲಿಗಳಲ್ಲಿ ನೋಡಿದರು. ರೆಮ್ ತಪ್ಪಿಸಿದಷ್ಟೂ ಈ ಕೋಶಗಳ ಚಟುವಟಿಕೆ ಏರುತ್ತಾ ಹೋಯ್ತು. ರೆಮ್ ತಪ್ಪಿಸುವ ಹೊತ್ತಿನಲ್ಲೇ ಈ ಕೋಶಗಳ ಬಾಯಿ ಕಟ್ಟಿದರೆ, ಆಮೇಲೆ ಉಕ್ಕಬೇಕಿದ್ದ ರೆಮ್ ಸೊರಗಿತು. ಬಾಕಿ ಇತ್ತು, ಪುಸ್ತಕದಲ್ಲಿ ಮಾತ್ರ ಬರೆಯಲಿಲ್ಲ! ಗುಮಾಸ್ತ ಇವನೊಬ್ಬನೇ ಅಲ್ಲ. ಆದರೆ ಆ ಗುಂಪಿನವನು.

ಕೊನೆಗೆ, ಏನನ್ನು ಎಣಿಸುತ್ತಾನೆ? ಇಲ್ಲಿ ಜಗಳ ಇದೆ. ಬೆನಿಂಗ್ಟನ್ ಮತ್ತು ಹೆಲ್ಲರ್ 1994ರಲ್ಲಿ ಒಂದು ತಲೆಕೆಳಗಾದ ಮಾತು ಹೇಳಿದರು: ರೆಮ್‌ನ ಹಸಿವು ಎಚ್ಚರದಲ್ಲಿ ಅಲ್ಲ, ಸಾಮಾನ್ಯ ನಿದ್ದೆಯಲ್ಲೇ ಬೆಳೆಯುತ್ತದೆ. ಅಂದರೆ ನಿದ್ದೆಯೇ ಸಾಲ ಮಾಡುತ್ತದೆ, ನಿದ್ದೆಯೇ ತೀರಿಸುತ್ತದೆ. ಒಂದು ರೆಮ್ ಉದ್ದ ಆದರೆ ಮುಂದಿನ ರೆಮ್ ತಡವಾಗಿ ಬರುವುದನ್ನು ಹಲವು ಪ್ರಾಣಿಗಳಲ್ಲಿ ನೋಡಿದ್ದಾರೆ. ಜಾಸ್ತಿ ಉಂಡವನಿಗೆ ಮುಂದಿನ ಹಸಿವು ತಡ ಆಗುವ ಹಾಗೆ. ಇದು ಗಂಟೆಗಂಟೆಯ ಚಿಲ್ಲರೆ ಲೆಕ್ಕ. ದಿನಗಟ್ಟಲೆಯ ಲೆಕ್ಕ ಬೇರೆ ಇದೆ, ಅದರಲ್ಲಿ ಎಚ್ಚರವೂ ಸೇರುತ್ತದೆ ಅನ್ನುವವರು ಇನ್ನೊಂದು ಕಡೆ. ನಾನು ಎರಡೂ ಖಾತೆ ಇದೆ ಅನ್ನುವ ಪಾರ್ಟಿ.


ಅಲೆಮಾರಿ
ಸೋಮವಾರ, ಬೆಳಿಗ್ಗೆ 7:30

ಹಾಗಾದರೆ ಬಾಕಿ ತೀರಿಸದೆ ಯಾರೂ ಪಾರಾಗುವ ಹಾಗಿಲ್ಲ ಅಂತಾಯ್ತು. ಆದರೆ ನಾರ್ದರ್ನ್ ಫರ್ ಸೀಲ್ ಅನ್ನುವ ಕಡಲ ಪ್ರಾಣಿಯ ಕಥೆ ಓದಿದ್ದೀರಾ? ಅದು ಹೇಗೆ ಪಾರಾಯ್ತು?


ನಿದ್ದೆಗಣ್ಣು
ಸೋಮವಾರ, ಬೆಳಿಗ್ಗೆ 8:45

ನೀವು ಬಂದು ಎಲ್ಲ ಕೆಡಿಸಿದಿರಿ. ಅದನ್ನೇ ತಪ್ಪಿಸಿಕೊಂಡು ಓಡಾಡುತ್ತಿದ್ದೆ :)

ಗೊತ್ತಿಲ್ಲದವರಿಗೆ: ಈ ಸೀಲ್ ದಡದಲ್ಲಿದ್ದಾಗ ನಮ್ಮ ಹಾಗೆ ಪೂರ್ತಿ ಮಿದುಳಿನಲ್ಲಿ ನಿದ್ದೆ ಮಾಡುತ್ತದೆ, ರೆಮ್ ಕೂಡ ಇರುತ್ತದೆ. ಕಡಲಿಗೆ ಇಳಿದರೆ ಅರ್ಧ ಮಿದುಳು ಮಲಗುತ್ತದೆ, ಅರ್ಧ ಎಚ್ಚರ ಇರುತ್ತದೆ. ಒಂದು ಕೈರೆಕ್ಕೆ ಆಡಿಸುತ್ತಾ ತೇಲುತ್ತದೆ. ರಷ್ಯಾದ ಒಲೆಗ್ ಲ್ಯಾಮಿನ್ ಮತ್ತು ಲಾಸ್ ಏಂಜಲಿಸ್‌ನ ಜೆರಿ ಸೀಗೆಲ್ ಮುಂತಾದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೀಲ್‌ಗಳನ್ನು ಹತ್ತರಿಂದ ಹದಿನಾಲ್ಕು ದಿನ ಸಮುದ್ರದ ನೀರಿನಲ್ಲೇ ಇಟ್ಟು ಅಳೆದರು. ರೆಮ್ ಹೆಚ್ಚುಕಡಿಮೆ ಮಾಯ. ಸರಿ, ದಡಕ್ಕೆ ಬಂದ ಮೇಲೆ ಉಕ್ಕಬೇಕಲ್ಲ? ಉಕ್ಕಲಿಲ್ಲ. ಏನೂ ಆಗಿಲ್ಲ ಅನ್ನುವ ಹಾಗೆ ಹಳೇ ಲೆಕ್ಕಕ್ಕೆ ಮರಳಿದವು.

ಸಾಲ ಮನ್ನಾ!

ಇದಕ್ಕೆ ಸೀಗೆಲ್ ಬಳಗದ ವಿವರಣೆ: ಸಾಮಾನ್ಯ ನಿದ್ದೆಯಲ್ಲಿ ಮಿದುಳು ತಣ್ಣಗಾಗುತ್ತದೆ, ಮಂಕಾಗುತ್ತದೆ. ರೆಮ್ ಬಂದು ಆಗಾಗ ಅದನ್ನು ಬೆಚ್ಚಗೆ ಮಾಡುತ್ತದೆ, ಎದ್ದರೆ ತಟ್ಟನೆ ಓಡಲು ತಯಾರಿಡುತ್ತದೆ. ಅರ್ಧ ಮಿದುಳು ಎಚ್ಚರ ಇದ್ದಾಗ ಆ ಕೆಲಸವೇ ಬೇಕಿಲ್ಲ. ಸಾಲವೇ ಹುಟ್ಟಲಿಲ್ಲ ಅಂದಮೇಲೆ ತೀರಿಸುವುದೇನು? ಬೆನಿಂಗ್ಟನ್ ಮತ್ತು ಹೆಲ್ಲರ್ ಮಾತು ನೆನಪಿಸಿಕೊಳ್ಳಿ, ರೆಮ್‌ನ ಹಸಿವು ಸಾಮಾನ್ಯ ನಿದ್ದೆಯಿಂದ ಹುಟ್ಟುತ್ತದೆ ಅಂದದ್ದು. ಎರಡೂ ಚೆನ್ನಾಗಿ ಕೂಡಿಕೊಳ್ಳುತ್ತವೆ. ಪೂರ್ತಿ ನಂಬುತ್ತೀನಾ? ಇಲ್ಲ. ಕೇಳಿದಾಗಲೆಲ್ಲ ನಂಬಬೇಕು ಅನ್ನಿಸುತ್ತದೆ, ಅಷ್ಟೇ.

ಮನುಷ್ಯರಲ್ಲೂ ಇಂಥ ತೊಡಕಿದೆ. ಇಸ್ರೇಲಿನಲ್ಲಿ ಯುದ್ಧದಲ್ಲಿ ಲೋಹದ ಚೂರು ಪಾನ್ಸ್‌ಗೆ ಹೊಕ್ಕು, ರೆಮ್ ಬಹುತೇಕ ಇಲ್ಲವಾದ ಒಬ್ಬರ ಬಗ್ಗೆ ಪೆರೆಟ್ಜ್ ಲಾವಿ ತಂಡ 1984ರಲ್ಲಿ ಬರೆಯಿತು. ಆತ ಗಾಯದ ನಂತರ ಕಾನೂನು ಓದಿ ವಕೀಲನಾದ.


ಹೆಸರು ಬೇಡ
ಸೋಮವಾರ, ರಾತ್ರಿ 11:12

ಓದುತ್ತಾ ಸುಮ್ಮನಿದ್ದೆ. ನನಗೆ ಖಿನ್ನತೆಗೆ ಎರಡು ವರ್ಷ ಮಾತ್ರೆ ಇತ್ತು. ಮಾತ್ರೆಯಲ್ಲಿ ಇದ್ದಷ್ಟು ದಿನ ಕನಸು ಕಡಿಮೆ. ಚೆನ್ನಾಗಿದ್ದೇನೆ ಅಂತ ನಾನೇ ಒಂದು ದಿನ ನಿಲ್ಲಿಸಿಬಿಟ್ಟೆ. ಮೂರನೇ ರಾತ್ರಿಯಿಂದ ಎಂಥಾ ಕನಸು! ಎದ್ದರೂ ಬಿಡದ ಕನಸು. ಹುಚ್ಚು ಹಿಡಿಯುತ್ತಿದೆ ಅಂದುಕೊಂಡು ಅಳುತ್ತಾ ಅಮ್ಮನ ಪಕ್ಕ ಮಲಗಿದೆ. ಆಮೇಲೆ ಡಾಕ್ಟರು ಬೈದು, ಮತ್ತೆ ಶುರು ಮಾಡಿಸಿ, ತಿಂಗಳುಗಟ್ಟಲೆ ಚೂರುಚೂರೇ ಇಳಿಸಿದರು. ಅದೂ ಇದೇ ರಿಬೌಂಡಾ?


ನಿದ್ದೆಗಣ್ಣು
ಸೋಮವಾರ, ರಾತ್ರಿ 11:48

ಹೌದು, ಅದರಲ್ಲಿ ರಿಬೌಂಡಿನ ಪಾಲು ದೊಡ್ಡದು. ಖಿನ್ನತೆಯ ಹೆಚ್ಚಿನ ಮಾತ್ರೆಗಳು ಸೆರೊಟೋನಿನ್, ನಾರ್‌ಅಡ್ರಿನಲಿನ್ ಅನ್ನುವ ಮಿದುಳಿನ ರಾಸಾಯನಿಕಗಳನ್ನು ಹೆಚ್ಚಿಸಿ ರೆಮ್ ತಡೆಯುವ ಬದಿಗೆ ಬಲ ಕೊಡುತ್ತವೆ. ಸೀಸಾದ ಆ ತುದಿಯ ಮೇಲೆ ಯಾರೋ ಕೂತ ಹಾಗೆ. ಥಟ್ಟನೆ ಇಳಿದರೆ ಇನ್ನೊಂದು ತುದಿ ಜೋರಾಗಿ ಬಡಿಯುತ್ತದೆ. ಫಿನೆಲ್ಜಿನ್ ಅನ್ನುವ ಹಳೇ ಮಾತ್ರೆ ರೆಮ್ ಅನ್ನು ತಿಂಗಳುಗಟ್ಟಲೆ ಹೆಚ್ಚುಕಡಿಮೆ ಸೊನ್ನೆಗೆ ಇಳಿಸುತ್ತಿತ್ತು. ಆ ರೋಗಿಗಳ ನೆನಪಿನ ಶಕ್ತಿಯೇನೂ ಕುಸಿದುಬೀಳಲಿಲ್ಲ. ಆದರೆ ನಿಲ್ಲಿಸಿದಾಗ ರೆಮ್ ಪ್ರವಾಹದ ಹಾಗೆ ಬರುತ್ತಿತ್ತು. ರಾತ್ರಿ ಕುಡಿದು ಮಲಗಿದವರಿಗೆ ಬೆಳಗಿನ ಜಾವ ಕೆಟ್ಟ ಕನಸು ಬೀಳುವುದೂ ಇದರದ್ದೇ ಸಣ್ಣ ರೂಪ. ಮೊದಲರ್ಧ ರಾತ್ರಿ ಅದುಮಿದ್ದು ಉಳಿದರ್ಧದಲ್ಲಿ ಏಳುತ್ತದೆ.

ಹುಚ್ಚಲ್ಲ. ಆಗ ಯಾರಾದರೂ ನಿಮಗೆ ಇದನ್ನು ಹೇಳಬೇಕಿತ್ತು. ಓದುತ್ತಿರುವ ಉಳಿದವರಿಗೆ: ಮಾತ್ರೆ ನೀವೇ ನಿಲ್ಲಿಸಬೇಡಿ.


ಕಮಲಕ್ಕ
ಸೋಮವಾರ, ರಾತ್ರಿ 11:55

ಹೆಸರು ಬೇಡ ಅಂದವರೇ, ಈಗ ಹೇಗಿದ್ದೀರಿ ಕಂದ?


ಹೆಸರು ಬೇಡ
ಮಂಗಳವಾರ, ಬೆಳಿಗ್ಗೆ 6:40

ಚೆನ್ನಾಗಿದ್ದೇನೆ ಅಕ್ಕ. ನಿನ್ನೆ ಕನಸಲ್ಲಿ ಬಸ್ಸು ತಪ್ಪಿತು. ಮಾಮೂಲಿ ಕನಸು.


ರಾತ್ರಿಪಾಳಿ
ಮಂಗಳವಾರ, ಬೆಳಿಗ್ಗೆ 9:20

ನೈಟ್ ಮುಗಿಸಿ ಬಂದೆ. ಒಂದು ಕೊನೇ ಪ್ರಶ್ನೆ ಕೇಳಿ ಮಲಗುತ್ತೇನೆ. ಚಳಿಗಾಲದಲ್ಲಿ ಹೊದಿಕೆ ಜಾರಿದ ರಾತ್ರಿ ಕನಸೇ ಇರುವುದಿಲ್ಲ ಅನ್ನಿಸುತ್ತೆ. ನನ್ನ ಭ್ರಮೆಯಾ?


ನಿದ್ದೆಗಣ್ಣು
ಮಂಗಳವಾರ, ಬೆಳಿಗ್ಗೆ 9:34

ಭ್ರಮೆ ಇರಲಿಕ್ಕಿಲ್ಲ. ರೆಮ್ ಹೊತ್ತಿನಲ್ಲಿ ಮೈ ನಡುಗಿ ಬಿಸಿ ಕಾಯ್ದುಕೊಳ್ಳುವ ಏರ್ಪಾಡು ಹೆಚ್ಚುಕಡಿಮೆ ನಿಂತಿರುತ್ತದೆ. ಹಾಗಾಗಿ ಚಳಿ ಇದ್ದರೆ ಮಿದುಳು ರೆಮ್‌ಗೆ ಅನುಮತಿ ಕೊಡಲು ಹಿಂದೆಮುಂದೆ ನೋಡುತ್ತದೆ. ಹಿತವಾದ ಬೆಚ್ಚಗೆ ಇದ್ದರೆ ಧಾರಾಳವಾಗಿ ಕೊಡುತ್ತದೆ. ಸ್ವಿಟ್ಜರ್‌ಲ್ಯಾಂಡಿನ ಬರ್ನ್‌ನಲ್ಲಿ ಇಲಿಗಳ ಮೇಲೆ ಇದನ್ನು ನೋಡಿದ್ದಾರೆ. ಹೈಪೋಥಲಾಮಸ್‌ನ ಒಂದು ಗುಂಪಿನ ಕೋಶಗಳು ಕಳಿಸುವ ಸಂದೇಶ ತಲುಪದ ಹಾಗೆ ಮಾಡಿದರೆ ಬೆಚ್ಚಗಿಟ್ಟರೂ ರೆಮ್ ಏರಲಿಲ್ಲ.

ಕಿಟಕಿ ಪರದೆ ಎಳೆದು, ಹೊದ್ದು ಮಲಗಿ ಮೇಡಂ.


ಹೊಳೆಸಾಲು
ಶನಿವಾರ, ಸಂಜೆ 5:30

ತಡವಾಗಿ ಬಂದೆ, ಊರಿಗೆ ಹೋಗಿದ್ದೆ. ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಬೆಕ್ಕಿನ ಕಥೆಗೆ "ಪಾಪ" ಅಂದರು. ಸೀಲ್ ಕಥೆಗೆ "ಸೊಸೈಟಿ ಸಾಲ ಹಾಗೆ ಮನ್ನಾ ಆಗ್ಲಿ ನೋಡಣ" ಅಂದರು.

ನಾಲ್ಕೈದು ರಾತ್ರಿ ಕನಸು ಸುರಿಯಿತು, ಈಗ ಕಡಿಮೆ. ದಿನಕ್ಕೊಂದು, ಕೆಲವು ದಿನ ಅದೂ ಇಲ್ಲ. ಅಮ್ಮ ಇನ್ನೂ ಬೇರೆ ಕೋಣೆಯಲ್ಲೇ ಮಲಗುತ್ತಾರೆ, ಮಷೀನಿನ ಗಾಳಿ ಸದ್ದು ಸಹಿಸೋಕಾಗಲ್ಲವಂತೆ. ನಾನು ರಾತ್ರಿ ಅಭ್ಯಾಸಬಲದಿಂದ ಎಣಿಸಲು ಶುರು ಮಾಡಿದೆ. ಮೂರಕ್ಕೆ ಉಸಿರು ಬಂತು. ಮತ್ತೆ ಮೂರಕ್ಕೆ. ಎಣಿಸುತ್ತಾ ನನಗೇ ನಿದ್ದೆ ಬಂತು.

ಹಾಂ, ಗೌರಿಗೆ ಕೂಲಿ ಕೊಟ್ಟರಾ ಅಂತ ಕೇಳಿದ್ದಿರಲ್ಲ. ಅಪ್ಪನನ್ನು ಕೇಳಿದೆ. "ದುಡ್ಡು ತರಕ್ಕೆ ಒಳಗೆ ಹೋದೆ, ಅಷ್ಟೊತ್ತಿಗೆ ಎಚ್ಚರ ಆಯ್ತು" ಅಂದರು. ಮುಖ ಸ್ವಲ್ಪ ಸಪ್ಪಗಿತ್ತು.